ಸಶೇಷ ಮಾಸ್ತರು

ರಂಗಂಪೇಟೆಯಲ್ಲಿ ಕಾಯುವ ಜನಕ್ಕೆ ಬರವಿಲ್ಲ. ಮಳೆಗೆ ಕಾಯುತ್ತಾರೆ, ಕಾಲುವೆ ನೀರಿಗೆ ಕಾಯುತ್ತಾರೆ, ಹತ್ತಿ ರೇಟಿಗೆ ಕಾಯುತ್ತಾರೆ, ಶಹಾಪುರದ ಬಸ್ಸಿಗೆ ಕಾಯುತ್ತಾರೆ. ಆದರೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕೂತ ಒಬ್ಬ ಮುದುಕ ಪುಸ್ತಕ ಬರೆದು ಮುಗಿಸಲಿ ಎಂದು ಕಾಯುವವರು ನಮ್ಮ ಓಣಿಯ ಮಾಸ್ತರು ಒಬ್ಬರೇ. ವಾರಪತ್ರಿಕೆಯ ಧಾರಾವಾಹಿಯ ಅಡಿಯಲ್ಲಿ ಅಚ್ಚಾಗುತ್ತಿದ್ದ ಶಬ್ದವನ್ನೇ ಅವರಿಗೆ ಹೆಸರಾಗಿಟ್ಟಿದ್ದೇವೆ: ಸಶೇಷ ಮಾಸ್ತರು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 2001ರಲ್ಲಿ ಬೀಗರೊಬ್ಬರ ಕಣ್ಣಿನ ಆಪರೇಷನ್ನಿಗೆ ಜೊತೆಯಾಗಿ ಹೈದರಾಬಾದಿಗೆ ಹೋದವರು, ಆಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಾಲಿನಲ್ಲಿ ಇಟ್ಟಂಗಿಯಂಥ ಮೂರು ಪುಸ್ತಕ ಕೊಂಡು ತಂದರು. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿ. 1996, 1998, 2000: ಎರಡು ವರ್ಷಕ್ಕೊಂದರಂತೆ ಬಂದಿದ್ದವು. "ಮನುಷ್ಯಾ ನೇಮಸ್ಥ ಅದಾನ" ಎಂದು ಮಾಸ್ತರು ನಂಬಿದರು. ಕೆಟ್ಟದ್ದು ಅಲ್ಲೇ.

ನಾಲ್ಕನೆಯದು 2005ರಲ್ಲಿ ಬಂತು, ಅರ್ಧ ಪಾತ್ರಗಳನ್ನು ಹೊರಗೇ ಬಿಟ್ಟು. ಅವರ ಕತೆ ಮುಂದಿನ ವರ್ಷ ಬಂದೀತು ಎಂದು ಕಡೆಯ ಪುಟದಲ್ಲಿ ಲೇಖಕನ ಆಶ್ವಾಸನೆ ಇತ್ತು. ಮಾಸ್ತರು ಅದನ್ನು ಚಹಾದಂಗಡಿಯಲ್ಲಿ ನಮ್ಮೆದುರಿಗೆ ಓದಿ, ಸುಸಲಾದ ತಾಟು ಪಕ್ಕಕ್ಕೆ ಸರಿಸಿದರು. "ಬಯಲಾಟದಾಗ ದುರ್ಯೋಧನ ಒಬ್ಬನೇ ಬೆಳತನಾ ಕುಣದು, ಭೀಮ ಬಣ್ಣಾ ಹಚಗೊಂಡು ಒಳಗೇ ಕುಂತ್ರ ಹೆಂಗ್ರಿ? ಮುಂದಿನ ವರ್ಸ ಬರ್ತಾನ ಅಂದ್ರ ಮಂದಿ ಸುಮ್ಮ ಮನಿಗಿ ಹೋಗ್ತಾರೇನು?" ಭೀಮ ಬಂದದ್ದು 2011ಕ್ಕೆ. ಆರನೆಯ ಪುಸ್ತಕ 'ದಿ ವಿಂಡ್ಸ್ ಆಫ್ ವಿಂಟರ್' ಇನ್ನೂ ಬಂದಿಲ್ಲ.

ಈ ನಡುವೆ ಮಾಸ್ತರು ಮನೆ ಬದಲಿಸಲಿಲ್ಲ, ಆದರೆ ವಿಳಾಸ ಬದಲಾಗುತ್ತಲೇ ಹೋಯಿತು. ನಾಲ್ಕನೆಯದನ್ನು ಓದಿದ್ದು ಗುಲ್ಬರ್ಗಾ ಜಿಲ್ಲೆಯಲ್ಲಿ. ಐದನೆಯದು ಬರುವ ಹೊತ್ತಿಗೆ ಅದೇ ಪಡಸಾಲೆ, ಅದೇ ಹೊರಸು ಯಾದಗಿರಿ ಜಿಲ್ಲೆಗೆ ಸೇರಿದ್ದವು. 2009ರ ಡಿಸೆಂಬರಿನಲ್ಲಿ ಜಿಲ್ಲೆ ಒಡೆದಿತ್ತು. ಆಮೇಲೆ 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಮಾಸ್ತರು ರಿಟೈರ್ ಆದರು. ಸರ್ಕಾರವೇ ಇಷ್ಟು ಕೆಲಸ ಮುಗಿಸಿದ ಮೇಲೆ ಒಬ್ಬ ಲೇಖಕನಿಗೆ ಏನು ರೋಗ ಎಂಬುದು ಅವರ ವಾದ.

ಈ ವಾದಕ್ಕೆ ಉತ್ತರ ಕೊಟ್ಟವನು ಹತ್ತಿ ಬೆಳೆಯುವ ಒಬ್ಬ ಗೌಡ. "ಮಾಸ್ತರ್ರ, ಕೃಷ್ಣಾ ಮೇಲ್ದಂಡೆ ಮೂರನೇ ಹಂತ ಇನ್ನಾ ಮುಗಿದಿಲ್ಲ. ಆಲಮಟ್ಟಿ ಗೇಟು 519.6 ಮೀಟರಿನಿಂದ 524.256ಕ್ಕ ಏರಸ್ತೀವಿ ಅನ್ನೂದು ಕೇಳಿ ಕೇಳಿ ನನ್ನ ಮಗನ ಲಗ್ನ ಆತು, ಮೊಮ್ಮಗ ಸಾಲಿಗಿ ಹೊಂಟಾನ. ನಿಮ್ಮದೇನು ಮಹಾ, ಒಂದು ಪುಸ್ತಕ!" ಆವತ್ತು ಚಹಾದ ದುಡ್ಡು ಮಾಸ್ತರೇ ಕೊಟ್ಟರು.

ಟಿವಿಯವರು ಇದೇ ಕತೆಯನ್ನು 2011ರಲ್ಲಿ ಹಿಡಿದು, ಲೇಖಕನನ್ನು ಹಿಂದೆ ಹಾಕಿ, 73 ಕಂತಿನಲ್ಲಿ 2019ಕ್ಕೆ ಮುಗಿಸಿಯೂಬಿಟ್ಟರು. ಮಾಸ್ತರು ಕಡೆಯ ಕಂತು ನೋಡಿಲ್ಲ. ಮದುಮಗ ಬರುವ ಮೊದಲೇ ಊಟಕ್ಕೆ ಕೂಡುವವರ ಪೈಕಿ ಅಲ್ಲವಂತೆ.

ಸಿಟ್ಟು ನೆತ್ತಿಗೇರಿದಾಗ ಅವರು ಸುರಪುರದ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಟೇಲರ್ ಮಂಜಿಲ್ ಇದೆ. ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಇಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಇದ್ದ ಮೆಡೋಸ್ ಟೇಲರ್ ಸಾಹೇಬನೂ ಮೂರು ಕಾದಂಬರಿಗಳ ಸರಣಿಗೆ ಕೈಹಾಕಿದವನೇ: 1863ಕ್ಕೆ 'ತಾರಾ', 1865ಕ್ಕೆ 'ರಾಲ್ಫ್ ಡಾರ್ನೆಲ್', 1872ಕ್ಕೆ 'ಸೀತಾ'. ತೀರಿಕೊಂಡದ್ದು 1876ರಲ್ಲಿ. "ನಮ್ಮೂರ ನೀರು ಕುಡದಾಂವ ನೋಡ್ರಿ, ಕೆಲಸಾ ಮುಗಸೇ ಸತ್ತ. ಈ ಮಾರ್ಟಿನ್ನಗ ಒಂದು ಕೊಡಾ ಸುರಪುರದ ನೀರು ಕಳಸಬೇಕು."

ಮನೆಯಲ್ಲಿ ಅವರ ಅವ್ವನ ವಿಚಾರವೇ ಬೇರೆ. ಪ್ರತಿ ಶ್ರಾವಣದಲ್ಲಿ ಪುರಾಣ ಕೇಳಲು ಹೋಗುವ ಜೀವ. "ಕಡೀಗಿ ಏನಾಗ್ತದ ಅಂತ ಗೊತ್ತಿಲ್ಲದ ಕತಿ ಯಾಕ ಹಿಡದಿ ಯಪ್ಪಾ? ಶರಣಬಸಪ್ಪನ ಪುರಾಣ ನಲವತ್ತು ಸಲ ಕೇಳೀನಿ. ಒಮ್ಮೆರೆ ಕಡೀ ಭಾಗ ಬಂದಿಲ್ಲ ಅಂದಾರೇನು?" ಇದಕ್ಕೆ ಮಾಸ್ತರು ಕುಮಾರವ್ಯಾಸನನ್ನು ತಂದರು. ಗದುಗಿನ ಭಾರತವೂ ಗದಾಪರ್ವಕ್ಕೇ, ಹತ್ತೇ ಪರ್ವಕ್ಕೆ ನಿಂತಿತು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಬರೆಯಬೇಕಾಯಿತು ಎಂದರು. ಹೇಳಿದ ಮೇಲೆ ತಮಗೇ ಮತ್ತೆ ಸಿಟ್ಟು ಬಂತು. "ಆದ್ರ ಅವ್ವಾ, ಕುಮಾರವ್ಯಾಸ ತೊಡೀ ಮುರಿಸಿ ನಿಂತ. ಇಂವ ತೊಡೀ ತಟ್ಟಿಸಿ ನಿಂತಾನ!"

ಅಂದಿನಿಂದ ಅವರಿಗೆ ತಿಮ್ಮಣ್ಣನ ಚಿಂತೆ ಹತ್ತಿಕೊಂಡಿದೆ. 'ವೀಲ್ ಆಫ್ ಟೈಮ್' ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಹುಡುಗ ಅದನ್ನು ಹದಿನಾಲ್ಕನೆಯ ಸಂಪುಟಕ್ಕೆ, 2013ಕ್ಕೆ, ದಡ ಹಚ್ಚಿದ. ಮಾರ್ಟಿನ್‌ಗೆ ಅಂಥವನೊಬ್ಬ ಇದ್ದಾನೆಯೇ? ಹೀಗೆ ಯೋಚಿಸಿದ ಮರುಗಳಿಗೆ ಬದುಕಿರುವವನ ತಿಥಿ ಲೆಕ್ಕ ಹಾಕಿದೆನಲ್ಲ ಎಂದು ಗಲ್ಲ ಬಡಿದುಕೊಳ್ಳುತ್ತಾರೆ. ಮಾರ್ಟಿನ್ ಹುಟ್ಟಿದ್ದು 1948ರ ಸೆಪ್ಟೆಂಬರ್ 20. ವರ್ಷಾ ಆ ದಿನ ಸುರಪುರದ ವೇಣುಗೋಪಾಲಸ್ವಾಮಿಗೆ ಒಂದು ಕಾಯಿ. ಮೊದಲ ಸಲ ಅರ್ಚಕರು ಹೆಸರು ಕೇಳಿದರು. ಜಾರ್ಜ್ ಎಂದರು ಮಾಸ್ತರು. ಗೋತ್ರ? "ಅದೂ ಆರನೇ ಪುಸ್ತಕದಾಗ ಬರಬೇಕ್ರಿ."

ಅದೇ ಗುಡಿಯ ಜಾತ್ರೆಯಲ್ಲಿ ಹುಡುಗರು ಜಾರುವ ಕಂಬ ಏರುತ್ತಾರೆ. ಇನ್ನೇನು ತುದಿ ಸಿಕ್ಕಿತು ಎನ್ನುವಾಗ ನೀರು ಬಿದ್ದು ಸರ್ರನೆ ಕೆಳಗೆ. ಹೋದ ವರ್ಷ ಮಾಸ್ತರು ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. "ಪಾಪ, ಏರಾಂವಗ ಕೆಳಗ ನಿಂತಾಂವಾ ಬೈಬಾರದು" ಎಂದರು. ಆ ಉದಾರತೆ ರಂಗಂಪೇಟೆ ಮುಟ್ಟುವವರೆಗೂ ಉಳಿಯಲಿಲ್ಲ. ಮಾರ್ಟಿನ್ ಸಾಂಟಾ ಫೆಯಲ್ಲಿ ಒಂದು ಸಿನಿಮಾ ಟಾಕೀಜು ಬೇರೆ ಕೊಂಡಿದ್ದಾನೆ ಎಂಬುದು ದಾರಿಯಲ್ಲಿ ನೆನಪಾಯಿತು.

ಮೊನ್ನೆ ಬೇಸಿಗೆ ರಜೆಗೆ ಬಂದ ಅಳಿಯ, ಕಾಲೇಜು ಹುಡುಗ, ಕಪಾಟಿನ ಮೊದಲ ಇಟ್ಟಂಗಿಗೆ ಕೈಹಾಕಿದ. "ಮುಟ್ಟಬ್ಯಾಡ ತಮ್ಮಾ, ನನ್ನ ಬಾಳೇವು ನೋಡಲ್ಲೇನು?" ಎಂದರು ಮಾಸ್ತರು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹುಡುಗನ ಹತ್ತಿರ ಹೋಗಿ, ಸುತ್ತ ನೋಡಿ, ಮೆಲ್ಲಗೆ ಕೇಳಿದರು: "ಎಷ್ಟನೇ ಪುಟಕ್ಕ ಬಂದಿ?"

ಇಪ್ಪತ್ತೆಂಟು ದಿನಕ್ಕೆ ಐದೂ ಮುಗಿದವು. ಸಂಜೆ ನಾವು ಕಟ್ಟೆಯ ಮೇಲೆ ಕೂತಾಗ ಹುಡುಗ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದ.

"ಮಾಮಾ, ಆರನೇದು ಎಲ್ಲಿಟ್ಟೀರಿ?"

ಮಾಸ್ತರು ಟವೆಲ್ಲಿನಿಂದ ಕಟ್ಟೆಯ ಧೂಳು ಝಾಡಿಸಿ, ತಾವು ಸ್ವಲ್ಪ ಈಚೆ ಸರಿದರು.

"ಬಾ, ಇಲ್ಲಿ ಕುಂದ್ರು."