ಸಹ್ಯಾದ್ರಿ ಕಾಲೇಜಿನ ಆನುವಂಶಿಕ ವ್ಯಾಸಂಗ: ಒಂದು ಶಾಸ್ತ್ರವಿಚಾರ

ಭದ್ರಾವತಿಯ ಕೆಲವು ಮನೆತನಗಳಲ್ಲಿ ಅಜ್ಜ, ಮಗ, ಮೊಮ್ಮಗಳು ಮೂವರೂ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿಯೇ ಓದಿರುವರೆಂಬುದು ಆ ಸೀಮೆಯಲ್ಲಿ ಸರ್ವವಿದಿತ. ಇದರ ಕಾರಣವನ್ನು ಪೂರ್ವಸೂರಿಗಳಾರೂ ಪರಾಮರ್ಶಿಸದೆ ಬಿಟ್ಟಿರುವುದರಿಂದ ಆ ಭಾರವು ಅನಿವಾರ್ಯವಾಗಿ ನಮ್ಮ ಹೆಗಲಿಗೇರಿದೆ.

ಧರ್ಮಶಾಸ್ತ್ರಜ್ಞರ ಪಕ್ಷ ಹೀಗಿದೆ: ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಮಿತಾಕ್ಷರದಲ್ಲಿ ನಿರ್ಣಯಿಸಿರುವನಷ್ಟೆ, ಅಜ್ಜನು ಸಂಪಾದಿಸಿದ ಹಿಂದಿನ ಬೆಂಚೂ ಪಿತ್ರಾರ್ಜಿತವೇ ಆದುದರಿಂದ ಅದು ಮಗನಿಗೆ ಪ್ರಾಪ್ತವಾಯಿತು. ವಾದವೇನೋ ರಮಣೀಯವಾಗಿದೆ. ಆದರೆ ಮೊಮ್ಮಗಳು ಬಂದು, ಯಾವ ವಿಭಾಗಪತ್ರವನ್ನೂ ಕೇಳದೆ, ಮುಂದಿನ ಬೆಂಚಿನಲ್ಲಿ ಕುಳಿತುಬಿಟ್ಟಳಾಗಿ ಈ ಪಕ್ಷವು ಅಲ್ಲಿಗೇ ಮುರಿದುಬಿದ್ದಿತು.

ನೈಯಾಯಿಕರು ಧೂಮದಿಂದ ವಹ್ನಿಯನ್ನು ಅನುಮಾನಿಸತಕ್ಕವರು. ಹಿಂದೆ ಬೆಂಕಿಪುರವೆಂದೇ ಕರೆಯಿಸಿಕೊಂಡ ಭದ್ರಾವತಿಗಿಂತ ಪ್ರಶಸ್ತವಾದ ದೃಷ್ಟಾಂತ ಅವರಿಗೆ ಇನ್ನೆಲ್ಲಿ ದೊರಕೀತು? 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಯನ್ನು ಹಿಡಿದು, ಹೊಗೆಯಿಂದ ಬೆಂಕಿ, ಬೆಂಕಿಯಿಂದ ಕುಲುಮೆ, ಕುಲುಮೆಯಿಂದ ಸಂಬಳ, ಸಂಬಳದಿಂದ ಕಾಲೇಜಿನ ಶುಲ್ಕ ಎಂದು ಅವರು ಸಾಧಿಸುತ್ತಾರೆ. ಭದ್ರಾವತಿಯಲ್ಲಿಯೇ ಸರ್ಕಾರಿ ಕಾಲೇಜು ಹುಟ್ಟಿದ ಮೇಲೂ ಆ ಮನೆಯ ಮಕ್ಕಳು ಬೆಳಗಾಗುವಷ್ಟರಲ್ಲಿ ಬುತ್ತಿ ಕಟ್ಟಿಕೊಂಡು ಶಿವಮೊಗ್ಗೆಯ ಬಸ್ಸಿಗೆ ಓಡಿದುದೇಕೆಂದು ಕೇಳಿದರೆ ಮಾತ್ರ ನೈಯಾಯಿಕರು ಸಂಧ್ಯಾವಂದನೆಗೆ ಹೊತ್ತಾಯಿತೆಂದು ಎದ್ದುಬಿಡುತ್ತಾರೆ.

ಇನ್ನು ನಮ್ಮ ಸಿದ್ಧಾಂತ. ಮೂವರೂ ಓದಿದುದು ಒಂದೇ ಕಾಲೇಜೆಂಬುದೇ ಭ್ರಾಂತಿ. 1940ರಲ್ಲಿ ತುಂಗೆಯ ದಡದಲ್ಲಿ ಆರಂಭವಾದುದು ಇಂಟರ್‌ಮೀಡಿಯೆಟ್ ಕಾಲೇಜು; ಅಜ್ಜನು ಹೊಕ್ಕುದು ಅದನ್ನು. ಮಗನ ಕಾಲಕ್ಕೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪದವಿ ಕಾಲೇಜಾಗಿತ್ತು. ಮೊಮ್ಮಗಳು ಬರುವಷ್ಟರಲ್ಲಿ ಕಲೆ, ವಿಜ್ಞಾನಗಳು ಅಣ್ಣತಮ್ಮಂದಿರಂತೆ ಪಾಲಾಗಿ ಬೇರೆಬೇರೆ ಕಾಲೇಜುಗಳೆನಿಸಿದ್ದುವು. ಮೈಸೂರಿನದರ ಸ್ಥಾನಕ್ಕೆ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವೂ ಸ್ಥಾಪಿತವಾಗಿತ್ತು. ಹೀಗೆ ಕಾಲೇಜು ತಲೆಮಾರಿಗೊಂದು ವೇಷ ತೊಟ್ಟಿದ್ದರೂ ಮನೆತನವು ಮಾತ್ರ ಅದೇ ಬೀದಿಯ ಅದೇ ಮನೆಯಲ್ಲಿ, ಅದೇ ಸಾರಿನ ಪರಿಮಳದಲ್ಲಿ ನಿಶ್ಚಲವಾಗಿತ್ತು. ಆದುದರಿಂದ ಮನೆತನವು ಕಾಲೇಜಿಗೆ ಸೇರಿತೆನ್ನುವುದು ಸಲ್ಲದು. ಕಾಲೇಜೇ ತಲೆಮಾರಿನಿಂದ ತಲೆಮಾರಿಗೆ ಮನೆತನಕ್ಕೆ ದಾಖಲಾಗುತ್ತ ಬಂದಿತೆಂಬುದೇ ಯುಕ್ತ. ದೂರದ ಮೈಸೂರಿನಲ್ಲಿದ್ದ ವಿಶ್ವವಿದ್ಯಾನಿಲಯವೆಂಬುದು ಕೊನೆಗೆ ಕುವೆಂಪು ಹೆಸರಿನಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದವರೆಗೂ ತಾನಾಗಿಯೇ ನಡೆದುಬಂದಿರುವಾಗ ಇದಕ್ಕೆ ಬೇರೆ ಪ್ರಮಾಣವೇಕೆ?

ಹಾಗಾದರೆ ಶುಲ್ಕವನ್ನು ಕಾಲೇಜೇ ಮನೆತನಕ್ಕೆ ತೆರಬೇಕಾಗುವುದಲ್ಲವೆ ಎಂಬ ಆಕ್ಷೇಪವು ಏಳಬಹುದು. ಅದು ನಮಗೂ ಇಷ್ಟವೇ. ಗುಮಾಸ್ತರು ಇನ್ನೂ ಒಪ್ಪಿಲ್ಲ.