ಸೊಳ್ಳೆಗೆ ಕಾಂಪೌಂಡಿಲ್ಲ

ಮೈಸೂರಿನಲ್ಲಿ ಮನೆಯ ಸುತ್ತ ನಾಲ್ಕಡಿ ಮಣ್ಣು ಉಳಿಸಿಕೊಂಡವರಿಗೆ ಒಂದು ಗತ್ತು ಇರುತ್ತದೆ. ಬೆಂಗಳೂರಿನಿಂದ ಬಂದ ನೆಂಟರಿಗೆ ಕಾಫಿ ಕೊಡುವ ಮೊದಲೇ ಹಿತ್ತಲು ತೋರಿಸುತ್ತೇವೆ. ಇದು ಕರಿಬೇವು, ಇದು ಪಚ್ಚಬಾಳೆ, ಅದು ನಾವು ಹಾಕಿದ್ದಲ್ಲ, ತಾನೇ ಹುಟ್ಟಿದ ಪರಂಗಿ. ನೆಂಟರು 'ಪುಣ್ಯವಂತರಪ್ಪ ನೀವು' ಎನ್ನುತ್ತಲೇ ಎಡಪಾದದಿಂದ ಬಲಗಾಲಿನ ಮೀನಖಂಡವನ್ನು ಉಜ್ಜಿಕೊಳ್ಳುತ್ತಾರೆ. ಪರಂಗಿಯ ಬಳಿ ಬರುವಾಗ ಮೊಣಕೈ ಕೆರೆದಾಗಿರುತ್ತದೆ. ತೆಂಗಿನಮರದ ಹತ್ತಿರ ಬಂದರೋ ಇಲ್ಲವೋ, 'ಒಳಗೆ ಕೂತು ಮಾತಾಡೋಣ' ಎಂದು ಚಪ್ಪಲಿ ತಿರುಗಿಸುತ್ತಾರೆ. ನಮ್ಮ ಸಸ್ಯಸಂಪತ್ತಿನ ವರ್ಣನೆಯನ್ನು ಪೂರ್ತಿ ಕೇಳಿಸಿಕೊಂಡ ನೆಂಟರು ಇದುವರೆಗೆ ಯಾರೂ ಇಲ್ಲ.

ಹಿತ್ತಲಿದ್ದ ಮೇಲೆ ಸೊಳ್ಳೆ ಇರಲೇಬೇಕು. ಸೊಳ್ಳೆ ಇದ್ದ ಮೇಲೆ ಸಲಹೆ ಇರಲೇಬೇಕು. ಲಕ್ಕಿಸೊಪ್ಪಿನ ಹೊಗೆ ಹಾಕಿ ಎಂದರು ಮಲೆನಾಡಿನ ಬೀಗರು. ಅವರ ಕೊಟ್ಟಿಗೆಯಲ್ಲಿ ದನಗಳಿಗೆ ಸಂಜೆ ಸಂಜೆ ಅದೇ ಉಪಚಾರ. ಹಾಕಿದೆವು. ದನಗಳಿಗಿರುವ ತಾಳ್ಮೆ ನಮಗಿರಲಿಲ್ಲ, ಕೆಮ್ಮುತ್ತ ಬೀದಿಗೆ ಬಂದು ನಿಂತೆವು. ಮಜ್ಜಿಗೆಹುಲ್ಲು ನೆಡಿ, ಅದರ ವಾಸನೆಗೆ ಸೊಳ್ಳೆ ಹತ್ತಿರ ಸುಳಿಯೋಲ್ಲ ಎಂದರು ಇನ್ನೊಬ್ಬರು. ಹುಲ್ಲು ಪೊಗದಸ್ತಾಗಿ ಬೆಳೆಯಿತು. ಅದರ ಬುಡದ ತಂಪಿನಲ್ಲಿ ಸೊಳ್ಳೆಗಳು ಹಗಲೆಲ್ಲ ಮಲಗಿದ್ದು ಸಂಜೆ ಕಾಫಿಯ ಹೊತ್ತಿಗೆ ಎದ್ದು ಬರತೊಡಗಿದವು.

"ಇದೆಲ್ಲ ಆಗೋ ಹೋಗೋ ಮಾತಲ್ಲ ಸ್ವಾಮಿ, ಔಷಧಿ ಹೊಡೆಸಿ" ಎಂದು ತೀರ್ಪು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರು ಡಿಡಿಟಿ ಕಾಲದವರು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತಲ್ಲ, ಆಮೇಲೆ ಹಳ್ಳಿಹಳ್ಳಿಗೂ ಪಂಪು ಹೊತ್ತ ಖಾಕಿಯವರು ಬಂದು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಹೊರಗಿಡಿಸಿ, ಗೋಡೆಗೆಲ್ಲ ಬಿಳಿ ಔಷಧಿ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಆ ತಾರೀಖಿನ ಮೇಲೆ ಸುಣ್ಣ ಬಳಿಯಲು ಮೇಷ್ಟ್ರ ತಂದೆ ಬಿಡುತ್ತಿರಲಿಲ್ಲವಂತೆ, ಸರ್ಕಾರದ ಬರಹ ಅಂತ. "ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಬರ್ತಿದ್ದ ಜ್ವರ ಕಣ್ರೀ, 1965ರ ಹೊತ್ತಿಗೆ ಲಕ್ಷದ ಆಸುಪಾಸಿಗೆ ಇಳಿದಿತ್ತು!" ಎಂದು ಅವರು ಹೇಳುವಾಗ ಆ ಪಂಪನ್ನು ತಾವೇ ಒತ್ತಿದವರಂತೆ ಕಾಣುತ್ತಾರೆ. ಲೆಕ್ಕ ಸರಿ. ಆದರೆ ಮೇಷ್ಟ್ರ ಇತಿಹಾಸ ಯಾವಾಗಲೂ 1965ಕ್ಕೇ ನಿಲ್ಲುತ್ತದೆ. ಆಮೇಲೆ ಸೊಳ್ಳೆಗಳು ಡಿಡಿಟಿಯನ್ನು ಅರಗಿಸಿಕೊಂಡವು, ನಾವು ಗೆದ್ದೆವೆಂದು ಕೈಕಟ್ಟಿ ಕೂತೆವು, 1976ರಲ್ಲಿ ರೋಗಿಗಳು ಮತ್ತೆ 64 ಲಕ್ಷ ದಾಟಿದರು. ಈ ಎರಡನೇ ಅಧ್ಯಾಯ ಅವರ ಸಿಲಬಸ್ಸಿನಲ್ಲಿಲ್ಲ.

ಸರಿ, ಪಂಪಿನವನು ಬಂದ. ಬೆನ್ನಿಗೆ 16 ಲೀಟರಿನ ಕ್ಯಾನು, ಮೂಗಿಗೆ ಟವೆಲ್ಲು, ಬಾಯಲ್ಲಿ ಎಲೆ‌ಅಡಿಕೆ. ಮೇಷ್ಟ್ರು ಕಾಂಪೌಂಡಿಗೆ ಕುರ್ಚಿ ಹಾಕಿಕೊಂಡು ನಿಂತು ನಿರ್ದೇಶನ ಕೊಟ್ಟರು: "ಎಲೆ ಮೇಲಲ್ಲಪ್ಪ, ಎಲೆ ಕೆಳಗೆ ಹೊಡಿ, ಕೆಳಗೆ!" ಮೇಷ್ಟ್ರ ಮಾತು ಸರಿಯೇ. ಬಿಸಿಲಲ್ಲಿ ಸೊಳ್ಳೆ ಎಲೆಯಡಿಯ ನೆರಳಿಗೆ ಸೇರಿಕೊಳ್ಳುತ್ತದೆ. ಎಲೆಯ ಮೇಲೆ ಹೊಡೆದದ್ದು ಎಲೆಗೆ ಸ್ನಾನ, ಅಷ್ಟೆ. ತೊಂದರೆ ಏನೆಂದರೆ ಸೊಳ್ಳೆಗಳಲ್ಲಿ ಎಲ್ಲವೂ ಎಲೆಯಡಿಯ ಗಿರಾಕಿಗಳಲ್ಲ. ಚರಂಡಿಯ ಕೊಳೆನೀರಲ್ಲಿ ಹುಟ್ಟಿ ರಾತ್ರಿ ಕಿವಿಯ ಹತ್ತಿರ ಸಂಗೀತ ಹಾಡುವ ಕ್ಯೂಲೆಕ್ಸ್ ಹಿತ್ತಲಲ್ಲಿ ಸಿಕ್ಕೀತು. ಡೆಂಗಿ ಹರಡುವ ಏಡಿಸ್ ಬೇರೆ ಜಾತಿ. ಕಾಲಿಗೆ ಬಿಳಿ ಪಟ್ಟಿ, ಹುಟ್ಟುವುದು ತಿಳಿನೀರಲ್ಲೇ, ಕಚ್ಚುವುದು ಹಗಲಲ್ಲೇ, ಒಟ್ಟಿನಲ್ಲಿ ಅಚ್ಚುಕಟ್ಟು. ಅದಕ್ಕೆ ಮನೆಯೊಳಗಿನ ಕತ್ತಲೆಯೆಂದರೆ ಪ್ರಾಣ: ಮಂಚದ ಕೆಳಗೆ, ಬೀರುವಿನ ಹಿಂದೆ, ಬಾಗಿಲಿಗೆ ನೇತುಹಾಕಿದ ಪ್ಯಾಂಟಿನ ಮಡಿಕೆಯಲ್ಲಿ. ಹಿತ್ತಲಲ್ಲಿ ಮೇಷ್ಟ್ರ ನೇತೃತ್ವದಲ್ಲಿ ಯುದ್ಧ ನಡೆಯುತ್ತಿದ್ದಾಗ ಏಡಿಸಮ್ಮ ನನ್ನ ಪ್ಯಾಂಟಿನ ಮೇಲೆ ಕೂತು ಕಿಟಕಿಯಿಂದ ನೋಡುತ್ತಿದ್ದಿರಬೇಕು. ಏಡಿಸಮ್ಮ ಎಂದದ್ದು ಸುಮ್ಮನಲ್ಲ, ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆಗೆ ಬೇಕಾದ ಸತ್ವ ರಕ್ತದಲ್ಲಿದೆ. ಗಂಡು ಹೂವಿನ ಮಧು ಹೀರಿಕೊಂಡು ಯಾರ ತಂಟೆಗೂ ಹೋಗದೆ ಇರುತ್ತದೆ. ಈ ವಿಷಯವನ್ನು ಮನೆಯಲ್ಲಿ ಒಮ್ಮೆ ಹೇಳಿದ್ದೆ, ಮತ್ತೆ ಹೇಳಿಲ್ಲ.

ಇಂಥ ಪಂಪುಗಳಲ್ಲಿ ಈಗ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಔಷಧಿ. ಇದರ ಮೂಲ ಒಂದು ಬಿಳಿ ಹೂವು, ಸೇವಂತಿಗೆಯ ಬಂಧು. ಅದರ ಒಣಪುಡಿಗೆ ಕೀಟಗಳು ಬೀಳುವುದನ್ನು ನೋಡಿ ಮನುಷ್ಯರು ಕಾರ್ಖಾನೆಯಲ್ಲಿ ಅದರ ನಕಲು ಮಾಡಿಕೊಂಡರು. ನಮಗೆ ಅಷ್ಟಾಗಿ ತಟ್ಟದ ಆ ನಕಲು ಜೇನುಹುಳುವಿಗೂ ಮೀನಿಗೂ ಘೋರ ವಿಷ. ಹೂಬಿಟ್ಟ ನುಗ್ಗೆಯ ಮೇಲೆ ಹಾಡುಹಗಲೇ ಹೊಡೆದರೆ ಸೊಳ್ಳೆ ಸಾಯುವುದು ಅನುಮಾನ, ಜೇನು ಸಾಯುವುದು ಖಂಡಿತ. ಹೊಡೆಸಲೇಬೇಕೆನ್ನುವವರು ಜೇನು ಗೂಡು ಸೇರಿದ ಮೇಲೆ, ಹೂಗಳನ್ನು ಬಿಟ್ಟು ಹೊಡೆಸಬೇಕು. ಸಾಲದ್ದಕ್ಕೆ ಜೇಡ, ಏರೋಪ್ಲೇನ್ ಚಿಟ್ಟೆ ಎಲ್ಲ ಒಟ್ಟಿಗೆ ಹೋಗುತ್ತವೆ. ಅವು ಸೊಳ್ಳೆ ತಿಂದು ಬದುಕುವಂಥವು. ಸೊಳ್ಳೆ ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದು ನಿಲ್ಲುತ್ತದೆ. ಏರೋಪ್ಲೇನ್ ಚಿಟ್ಟೆಗೆ ಆ ಅವಸರವಿಲ್ಲ. ಹಾಗಾಗಿ ಔಷಧಿಯ ಕಾವು ಇಳಿದ ಮೇಲೆ ಹಿತ್ತಲಿಗೆ ಮೊದಲು ವಾಪಸಾಗುವುದು ಯಾರೆಂದು ಹೇಳಬೇಕಾಗಿಲ್ಲ.

ನಮ್ಮಲ್ಲಿ ಕೆಲವು ದಿನ ನೆಮ್ಮದಿ ಇತ್ತು. ಮೇಷ್ಟ್ರ ಮನೆಯವರು ಕಾಂಪೌಂಡಿನ ಮೇಲಿಂದ "ನಿಮ್ಮನೆ ಸೊಳ್ಳೆ ಎಲ್ಲ ನಮ್ಮನೆಗೆ ಬಂದ್ಬಿಟ್ಟಿವೆ" ಎಂದರು. ಅವರೂ ಹೊಡೆಸಿದರು. ಆಗ ಅವರ ಸೊಳ್ಳೆಗಳು ನಮ್ಮಲ್ಲಿಗೆ ಬಂದವೆಂದು ನಮ್ಮವಳು ಗುರುತಿಸಿದಳು. ಯಾವ ಗುರುತಿನ ಮೇಲೆ ಎಂದು ಕೇಳುವಂತಿಲ್ಲ. ಕಾಂಪೌಂಡಿನ ಆಚೆಯ ತೆಂಗಿನಮರದ ಗರಿ ನಮ್ಮ ಕಡೆ ಬಿದ್ದರೆ ಅದು ಯಾರದೆಂಬ ತಕರಾರು ಹೇಗೋ ಬಗೆಹರಿಯುತ್ತದೆ. ಸೊಳ್ಳೆಯ ವಾರಸುದಾರಿಕೆಯನ್ನು ಯಾವ ಕೋರ್ಟು ತೀರ್ಮಾನಿಸೀತು? ಒಂದು ಮಾತು ಮಾತ್ರ ನಿಜ. ಏಡಿಸ್ ದೂರ ಹಾರುವ ಜೀವವಲ್ಲ, ಹುಟ್ಟಿದ ಕಡೆಯಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರಿನೊಳಗೇ ಅದರ ಸಂಸಾರ. ಆಚೆ ಬಡಾವಣೆಯ ಖಾಲಿ ಸೈಟು, ರಿಂಗ್ ರೋಡಿನ ಮೋರಿ ಎಂದೆಲ್ಲ ಬೈದುಕೊಳ್ಳುವುದು ಬಾಯಿಗೆ ಹಿತ, ಆದರೆ ಡೆಂಗಿಯ ಸೊಳ್ಳೆ ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ಕೂಸು.

ಹೊಗೆಗಾಡಿಯ ಸಂಭ್ರಮ ಬೇರೆ. ಮಳೆಗಾಲದಲ್ಲಿ ಅದರ ಗುರ್‌ ಶಬ್ದ ಕೇಳಿದರೆ, ಮಂಗಳಾರತಿಯ ಗಂಟೆ ಕೇಳಿದಂತೆ ಜನ ಎದ್ದು ಬಾಗಿಲಿಗೆ ಬರುತ್ತಾರೆ. ಹುಡುಗರು ಹೊಗೆಯೊಳಗೆ ಮಾಯವಾಗಿ, ಆ ಕಡೆಯಿಂದ ಹೊರಬಂದು, ಮತ್ತೆ ಮಾಯವಾಗುತ್ತಾರೆ. ಕೂಡದು, ಆದರೆ ಯಾರ ಮಾತು ಕೇಳುತ್ತಾರೆ? ಆ ದಟ್ಟ ಬಿಳಿ ಹೊಗೆಯಲ್ಲಿ ಏನಿದೆಯೆಂದರೆ, ಮಲಾಥಿಯಾನ್ ಒಂದು ಪಾಲು, ಡೀಸೆಲ್ ಹತ್ತೊಂಬತ್ತು ಪಾಲು. ನಮ್ಮ ಕಣ್ಣಿಗೆ ತುಂಬುವುದು ಡೀಸೆಲ್ಲೇ. ಔಷಧಿಯ ಹನಿ ಹಾರುತ್ತಿರುವ ಸೊಳ್ಳೆಗೆ ತಗುಲಬೇಕು, ತಗುಲಿದರೆ ಸತ್ತಿತು. ನೀರಲ್ಲಿರುವ ಮರಿಗೆ ಹೊಗೆಯ ಸುದ್ದಿಯೂ ಮುಟ್ಟುವುದಿಲ್ಲ. ಹೊಗೆ ಬರುವಾಗ ಕಿಟಕಿ ಬಾಗಿಲು ತೆರೆದಿಡಿ ಎಂದು ಆರೋಗ್ಯ ಇಲಾಖೆಯವರು ಹೇಳಿಕೊಂಡೇ ಬಂದಿದ್ದಾರೆ. ನಾವು ಮಾಡುವುದೇನು? ಗಾಡಿ ತಿರುವಿನಲ್ಲಿರುವಾಗಲೇ ಓಡಿಹೋಗಿ ಎಲ್ಲ ಕಿಟಕಿಗಳನ್ನೂ ಭದ್ರ ಮಾಡುತ್ತೇವೆ. ಮಂಚದ ಕೆಳಗಿರುವವಳಿಗೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಬೇಕೇ? ಇಷ್ಟಾದರೂ ಬೀದಿಗೆ ಎರಡು ವಾರ ಹೊಗೆಗಾಡಿ ಬರಲಿಲ್ಲವೆಂದರೆ ಫೋನು ಮಾಡುವವರು ನಾವೇ. ನಳಿಕೆಯಿಂದ ಏನಾದರೂ ಹೊರಬಂದರೆ ಕೆಲಸವಾಯಿತೆಂದು ನಮಗೆ ಸಮಾಧಾನ. ಬಕೆಟ್ಟು ಬೋರಲು ಹಾಕಿದವನನ್ನು ನೋಡಲು ಯಾರೂ ಬಾಗಿಲಿಗೆ ಬರುವುದಿಲ್ಲ.

ಬಕೆಟ್ಟು ಬೋರಲು ಹಾಕಿದವನ ಕಥೆ ನಡೆದದ್ದು ಬೆಂಗಳೂರಿನಲ್ಲೇ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಸೇನಾ ವೈದ್ಯ ದಂಡಿಗೆ ಬಂದು ಬಂಗಲೆ ಹಿಡಿದ. ಎಲ್ಲರಿಗಿಂತ ತನಗೇ ಸೊಳ್ಳೆಕಾಟ ಹೆಚ್ಚೇಕೆಂದು ಹುಡುಕಿದರೆ, ಕಿಟಕಿಯ ಹೊರಗೊಂದು ನೀರಿನ ತೊಟ್ಟಿ, ಅದರ ತುಂಬ ಮರಿಗಳು. ತೊಟ್ಟಿಯನ್ನು ಬೋರಲು ಹಾಕಿಸಿದ. ಸೊಳ್ಳೆ ಇಳಿಯಿತು. ಖುಷಿಯಿಂದ ಹೋಗಿ ದಂಡಿನ ಅಧಿಕಾರಿಗೆ ಹೇಳಿದ: ಮೆಸ್ಸಿನ ತೊಟ್ಟಿ, ಡಬ್ಬ, ಹೂದಾನಿಗಳನ್ನೂ ಹೀಗೇ ಮಾಡಿಸೋಣ. ಅಧಿಕಾರಿ ಒಪ್ಪಲಿಲ್ಲ. ಅದು ಸೃಷ್ಟಿಯ ಕ್ರಮಕ್ಕೆ ಅಡ್ಡಿ ಮಾಡಿದಂತೆ, ಸೊಳ್ಳೆಯನ್ನು ಏನೋ ಉದ್ದೇಶಕ್ಕೇ ಸೃಷ್ಟಿಸಿರುವಾಗ ಸಹಿಸಿಕೊಳ್ಳುವುದು ನಮ್ಮ ಧರ್ಮ ಎಂದನಂತೆ. ರಾಸ್ ತನ್ನ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ತೆಗೆದುಕೊಂಡ. ಆ ಸೊಳ್ಳೆಗಳಿಗೆ ಮೈಯೊಡ್ಡಿದ ರೋಗಿ ಹುಸೇನ್ ಖಾನನಿಗೆ ಸಿಕ್ಕಿದ್ದು ಸೊಳ್ಳೆಗೊಂದಾಣೆ. ನಾವು ಮೈಸೂರಿನವರು ಅದೇ ಸೇವೆಯನ್ನು ದಿನವೂ ಪುಕ್ಕಟೆಯಾಗಿ ಮಾಡುತ್ತಿದ್ದೇವೆ.

ಮೈಸೂರೆಂದಾಗ ಇನ್ನೊಂದು ನೆನಪಾಯಿತು. ನಮ್ಮೂರಿನ ಹೆಸರು ಹೊತ್ತ ಪಾಕ್ ಇದೆ, ಮಲ್ಲಿಗೆ ಇದೆ, ರೇಷ್ಮೆ, ವೀಳ್ಯದೆಲೆ, ಪೇಟ ಎಲ್ಲ ಇವೆ; ಒಂದು ಸೊಳ್ಳೆಯೂ ಇದೆ ಎಂಬುದನ್ನು ಪ್ರವಾಸೋದ್ಯಮದವರು ಹೇಳುವುದಿಲ್ಲ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಸಂಶೋಧಕರು ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೊಟ್ಟೆ ತೇಲಲು ಪಕ್ಕದಲ್ಲಿರುವ ಬುರುಡೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಗೆರೆ ಕಡಿಮೆ ಇದ್ದ ಬಗೆಗೆ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಸೊಳ್ಳೆಯ ಮೊಟ್ಟೆಯ ಗೆರೆ ಎಣಿಸುವವರೂ ಇದ್ದಾರಲ್ಲ ಎಂದು ನಗಬೇಡಿ. ಮಲೇರಿಯಾ ಎಲ್ಲಿ ಹಬ್ಬುತ್ತದೆ, ಎಲ್ಲಿ ಹಬ್ಬುವುದಿಲ್ಲ ಎಂಬುದಕ್ಕೆ ಆ ಗೆರೆಗಳಲ್ಲಿ ಸುಳಿವಿದೆ. ಗೆರೆ ಹೆಚ್ಚಿರುವ ಬಗೆ ಪಟ್ಟಣವಾಸಿ, ಬಾವಿ, ಓವರ್‌ಹೆಡ್ ಟ್ಯಾಂಕುಗಳಲ್ಲಿ ಹುಟ್ಟಿ ಮನುಷ್ಯರನ್ನೇ ಹುಡುಕಿಕೊಂಡು ಬರುತ್ತದೆ. ಮೈಸೂರೆನ್ಸಿಸ್ ಹಳ್ಳಿ ಕಡೆಯದು, ಹೆಚ್ಚಾಗಿ ದನಗಳನ್ನು ಕಚ್ಚಿಕೊಂಡಿರುತ್ತದೆ, ಮಲೇರಿಯಾ ಹರಡುವುದರಲ್ಲಿ ಹಿಂದೆ. ಮನುಷ್ಯರ ಮೈಮೇಲೆ ಬೀಳಲು ಸಂಕೋಚ. ಹೆಸರಿಗೆ ತಕ್ಕ ಹಾಗಿದೆ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೇನೆ.

ಇನ್ನು ನಮ್ಮ ಒರಳುಕಲ್ಲಿನ ವಿಚಾರ. ಮಿಕ್ಸಿ ಬಂದಂದಿನಿಂದ ಅದು ಹಿತ್ತಲಲ್ಲಿ, ಬಾಳೆಯ ಪಕ್ಕ ವಿಶ್ರಾಂತಿಯಲ್ಲಿದೆ. ಗುಂಡುಕಲ್ಲು ಯಾವಾಗಲೋ ಬಾಗಿಲಿಗೆ ಒತ್ತಾಗಿ ಹೋಯಿತು. ಉಳಿದ ಗುಳಿಯಲ್ಲಿ ಒಂದು ಮಳೆ ಬಂದರೆ ಅಂಗೈಯಷ್ಟು ತಿಳಿನೀರು. ಏಡಿಸ್ ಕೇಳುವುದೂ ಅಷ್ಟೇ. ಆಶಾ ಕಾರ್ಯಕರ್ತೆ ಸರ್ವೆಗೆಂದು ಬಂದವರು ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿತಟ್ಟೆ, ಮನಿಪ್ಲಾಂಟಿನ ಬಾಟ್ಲಿ ಎಲ್ಲ ನೋಡಿ, ಕೊನೆಗೆ ಒರಳಿನೊಳಗೆ ಟಾರ್ಚು ಬಿಟ್ಟರು.

"ಅಜ್ಜಿ, ಬನ್ನಿ ಇಲ್ಲಿ. ಹೆಂಗ್ ಕುಣೀತಾವೆ ನೋಡಿ."

ಅಮ್ಮ ಬಗ್ಗಿ ನೋಡಿದರು. "ಬೇಸಿಗೆ ಪೂರ್ತಿ ಒಣಗಿತ್ತಲ್ಲಮ್ಮ. ನಿನ್ನೆ ಮೊನ್ನೆ ಮಳೆಗೆ ಎಲ್ಲಿಂದ ಬಂದ್ವು?"

ಒಣಗಿದ್ದರೂ ಮೊಟ್ಟೆ ಸಾಯುವುದಿಲ್ಲ, ನೀರಿನ ಅಂಚಿನಲ್ಲಿ ಕಲ್ಲಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ, ನೀರು ಚೆಲ್ಲಿದರೆ ಸಾಲದು, ನಾರು ಹಾಕಿ ಉಜ್ಜಬೇಕು ಎಂದರು ಆಕೆ.

"ಆ ಒರಳನ್ನ ಉಜ್ಜೋದು ನೀನು ನಂಗೆ ಹೇಳ್ಕೊಡ್ತೀಯೇನಮ್ಮ?" ಎಂದರು ಅಮ್ಮ. ನಲವತ್ತು ವರ್ಷ ಉದ್ದು ರುಬ್ಬಿದ ಕೈ.

2024ರಲ್ಲಿ ಸರ್ಕಾರ ಹೊಸ ನಿಯಮ ತಂದಿದೆ: ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ಪಟ್ಟಣದಲ್ಲಾದರೆ 400 ರೂಪಾಯಿ ದಂಡ, ಹಳ್ಳಿಯಲ್ಲಾದರೆ 200. ಪಟ್ಟಣದ ಸೊಳ್ಳೆಗೆ ಬೆಲೆ ದುಪ್ಪಟ್ಟು. ಜೀವನವೆಚ್ಚ ನೋಡಿದರೆ ಇದು ನ್ಯಾಯವೇ. ಆಕೆ ದಂಡ ಹಾಕಲಿಲ್ಲ, ಒರಳನ್ನು ಬೋರಲು ಹಾಕಿಬಿಡಿ ಎಂದರು. ಅದಕ್ಕೆ ಮೂರಾಳು ಬೇಕು. ಮೇಲಾಗಿ ಮನೆಯ ಒರಳನ್ನು ಬೋರಲು ಹಾಕುವುದು ಅಪಶಕುನ ಎಂದರು ಅಮ್ಮ. ಹಾಗಿದ್ದರೆ ಮರಳು ತುಂಬಿ. ಒರಳಿಗೆ ಮರಳೇ, ನಾಳೆ ಹಿಟ್ಟಿನಲ್ಲಿ ಬಂದರೆ? ಕೊನೆಗೆ ಆಕೆ ಗಪ್ಪಿ ಮೀನಿನ ಮಾತೆತ್ತಿದರು. ಇಲಾಖೆಯವರೇ ಕೊಡುತ್ತಾರೆ, ಎರಡು ಬಿಟ್ಟರೆ ಒಂದು ಮರಿಯೂ ಉಳಿಯದು, ಹಳ್ಳಿಗಳಲ್ಲಿ ಬಾವಿಗೆಲ್ಲ ಅದನ್ನೇ ಬಿಡುವುದು. ಅಮ್ಮ ಕೆಲಹೊತ್ತು ಸುಮ್ಮನಿದ್ದರು.

"ಮೀನು ಸಾಕಿದ ಒರಳಲ್ಲಿ ಇಡ್ಲಿಗೆ ಹೇಗಮ್ಮ ರುಬ್ಬೋದು?"

"ಈಗೆಲ್ಲಿ ರುಬ್ತಿದ್ದೀರಿ ಅಜ್ಜಿ?"

"ಕರೆಂಟ್ ಹೋದ್ರೆ?"

ಇದಕ್ಕೆ ಆರೋಗ್ಯ ಇಲಾಖೆಯಲ್ಲಿ ಉತ್ತರವಿಲ್ಲ. ಆಕೆ ನೀರು ತೋಡಿ ಚೆಲ್ಲಿ, ಗೇಟಿನ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆದು ಹೊರಟರು. ಅಮ್ಮ ಒರಳನ್ನು ತೆಂಗಿನನಾರಿನಿಂದ ಗಸಗಸ ಉಜ್ಜಿ, ಹಳೆಯ ಕೊಳದಪ್ಪಲೆಯ ದೊಡ್ಡ ಮುಚ್ಚಳವೊಂದನ್ನು ಅಟ್ಟದಿಂದ ಇಳಿಸಿ ಮುಚ್ಚಿದರು. ಗಾಳಿಗೆ ಹಾರಿಹೋಗದಿರಲೆಂದು ಮೇಲೊಂದು ಕಲ್ಲು. ಕಲ್ಲು ಜಾರದಿರಲೆಂದು ಮುಚ್ಚಳವನ್ನು ಅಂಗಾತ ಇಟ್ಟರು.

ಆಶಾ ಕಾರ್ಯಕರ್ತೆ ಮತ್ತೆ ಬರುವ ಹೊತ್ತಿಗೆ ಮುಂಗಾರು ಸರಿಯಾಗಿ ಹಿಡಿದಿತ್ತು. "ಒರಳಲ್ಲಿ ಒಂದು ಹುಳ ಇದ್ರೆ ಕೇಳು" ಎಂದು ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು. ಒರಳಿನೊಳಗೆ ನಿಜಕ್ಕೂ ಏನೂ ಇರಲಿಲ್ಲ. ಆಕೆ ಟಾರ್ಚನ್ನು ಮುಚ್ಚಳದ ಮೇಲೆ ಬಿಟ್ಟರು, ಕಲ್ಲಿನ ಸುತ್ತ ನಿಂತ ನೀರಲ್ಲಿ.

"ದಂಡ ಹಾಕ್ತೀಯೇನಮ್ಮ?"

"ಮುಚ್ಚಳಕ್ಕೆ ಇನ್ನೂ ರೇಟ್ ಬಂದಿಲ್ಲ ಅಜ್ಜಿ" ಎಂದು ಆಕೆ ಅದನ್ನು ಕೊಡವಿ, ತಿರುಗಿಸಿ, ಬೋರಲಾಗಿ ಇಟ್ಟರು.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಕಾಣಿಸಿತು. "ಸಂಜೆ ಪಂಪಿನವನು ಬರ್ತಾನೆ. ನಿಮ್ಮನೆಗೂ ಹೇಳಿಬಿಡ್ಲಾ?"

"ಹೇಳಿ, ಹೇಳಿ" ಎಂದರು ಅಮ್ಮ.