ಇತರೆ ಕೆಲಸ

(ಮುಂಬೈಯ ಮಾಟುಂಗದ ಉಡುಪಿ ಹೋಟೆಲು. ಗಲ್ಲಾದಲ್ಲಿ ಮಾವ, ಎದುರಿಗೆ ಲ್ಯಾಪ್‌ಟಾಪ್ ಹಿಡಿದ ಅಳಿಯ. ಕಾಫಿ ಆರಿದೆ, ಮಾವ ಆರಿಲ್ಲ.)

ಮಾವ: ಕೇಟರಿಂಗ್ ಬಾಕಿ ಎಷ್ಟೆಂದು ಕೇಳಿದರೆ ನಿನ್ನ ಎಐ ಏಜೆಂಟು ಬಿಲ್ಲನ್ನೇ ಅಳಿಸಿದೆಯಲ್ಲ!

ಅಳಿಯ: ಎರಡು ಟೂಲ್ ಕೊಟ್ಟಿದ್ದೆ ಮಾವ. ಒಂದರ ವಿವರಣೆ 'ಬಿಲ್ ಸಂಬಂಧಿ ಕೆಲಸ'.

ಮಾವ: ಇನ್ನೊಂದು?

ಅಳಿಯ: 'ಬಿಲ್ ಸಂಬಂಧಿ ಇತರೆ ಕೆಲಸ'.

ಮಾವ: ಇತರೆ ಕೆಲಸ ಚೆನ್ನಾಗಿಯೇ ಆಗಿದೆ ಮಾರಾಯ!

ಅಳಿಯ: ಒಳಗಿನ ಕೋಡ್‌ನಲ್ಲಿ ಎಲ್ಲ ಸ್ಪಷ್ಟವಾಗಿದೆ.

ಮಾವ: ಅದನ್ನು ಏಜೆಂಟು ಓದುತ್ತದಾ?

ಅಳಿಯ: ಇಲ್ಲ. ಟೂಲಿನ ಹೆಸರು, ವಿವರಣೆ, ಯಾವ ಮಾಹಿತಿ ಕೊಡಬೇಕು ಅನ್ನುವುದು ಮಾತ್ರ ಕಾಣುತ್ತದೆ.

ಮಾವ: ದಾದರ್ ಸ್ಟೇಷನ್ನಿನಲ್ಲೂ ಹೀಗೇ ಇತ್ತು: ವೆಸ್ಟರ್ನ್ ಲೈನಿಗೂ ಒಂದನೇ ಪ್ಲಾಟ್‌ಫಾರ್ಮು, ಸೆಂಟ್ರಲ್ ಲೈನಿಗೂ ಒಂದನೇದು. ಹೊಸಬರು ಸೇತುವೆ ಮೇಲೆ ಓಡಿದ್ದೇ ಓಡಿದ್ದು! 2023ರ ಡಿಸೆಂಬರ್ 9ರಿಂದ ಸೆಂಟ್ರಲ್ಲಿನವು 8ರಿಂದ 14. ರೈಲ್ವೆಯವರಿಗೇ ಹೊಳೆಯಿತು, ನಿನಗೆ?

ಅಳಿಯ: ಈಗ ಬರೆದೆ, ಕೇಳಿ: 'ಗಿರಾಕಿಯ ಬಾಕಿ ತೋರಿಸುತ್ತದೆ. ಏನನ್ನೂ ಬದಲಿಸುವುದಿಲ್ಲ. ಗಿರಾಕಿಯ ಮೊಬೈಲ್ ನಂಬರ್ ಬೇಕು.'

ಮಾವ: ಅಳಿಸುವುದಕ್ಕೆ?

ಅಳಿಯ: 'ಬಿಲ್ಲನ್ನು ಶಾಶ್ವತವಾಗಿ ಅಳಿಸುತ್ತದೆ. ಮಾಲೀಕರು ಒಪ್ಪಿದ ಮೇಲೆ ಮಾತ್ರ.'

ಮಾವ: ಈಗ ನನ್ನ ವಿವರಣೆ ಕೇಳು. ಹೋದ ಬಾಕಿ ನಿನ್ನ ಲೆಕ್ಕಕ್ಕೆ. ಸೋಮವಾರದೊಳಗೆ. ನಗದು.